ನಿಜ್ವಾಕ್ಕೆ ಹೋದ ನೈಟ್ರೋಜನ್ ಕಾಫಿ

ಅಲ್ ಹೈಲ್

ಮಸ್ಕತ್ತಿನ ಈ ಬಡಾವಣೆಯಲ್ಲಿರುವ ತಮ್ಮನ ಮನೆಯ ಅತಿಥಿ ಕೋಣೆಯಲ್ಲಿ ನನಗಿಂತ ಮೊದಲೇ ಒಂದು ಪೀಪಾಯಿ ಬಂದು ಕೂತಿತ್ತು. ಮೊಣಕಾಲೆತ್ತರದ ಉಕ್ಕಿನ ಪೀಪಾಯಿ, ತಲೆಯ ಮೇಲೆ ಎರಡು ಮೂತಿ, ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ಕೊಳವೆ. ಸೂಟ್‌ಕೇಸ್ ಇಡಲು ಜಾಗ ಕೇಳಿದರೆ ರಘು ಪೀಪಾಯಿಯನ್ನು ಮುಟ್ಟಲಿಲ್ಲ, ಮಂಚವನ್ನು ಸರಿಸಿದ. ಅಕ್ಕ ಬಂದು ಹೋಗುವವಳು, ಪೀಪಾಯಿ ಖಾಯಂ ಎಂದು ನನಗೆ ಅರ್ಥವಾಯಿತು.

ನಾನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ರಘು ನನ್ನ ಒಬ್ಬನೇ ತಮ್ಮ. ತೈಲದ ಕೊಳವೆಗಳಿಗೆ ಕೂರಿಸುವ ಮೀಟರು, ವಾಲ್ವುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿ ಮಸ್ಕತ್ತಿಗೆ ಹೋಗಿ ಹನ್ನೆರಡು ವರ್ಷವಾಯಿತು. ಹೆಂಡತಿ ವೀಣಾ, ಹನ್ನೆರಡನೇ ತರಗತಿಯಲ್ಲಿರುವ ಮಗಳು ಅದಿತಿ, ಇಷ್ಟೇ ಸಂಸಾರ. ಪ್ರತಿ ವರ್ಷ ಬಾ ಎನ್ನುತ್ತಿದ್ದ, ನಾನು ಮುಂದಿನ ವರ್ಷ ಎನ್ನುತ್ತಿದ್ದೆ. ಈ ಡಿಸೆಂಬರಿನಲ್ಲಿ ಮಾತ್ರ "ಈ ಸಲ ಬಂದುಬಿಡು ಅಕ್ಕ" ಎಂದು ಹಟ ಹಿಡಿದ. ಯಾಕಪ್ಪಾ ಈ ಸಲ ಎಂದು ಕೇಳುವುದು ನನಗೆ ಹೊಳೆಯಲಿಲ್ಲ.

ಪೀಪಾಯಿಯ ಪೂರ್ವಾಶ್ರಮ ಬೇರೆ. ಇಲ್ಲಿಗೆ ಬರುವ ಮೊದಲು ರಘು ಎರಡು ವರ್ಷ ಸ್ಕಾಟ್ಲೆಂಡಿನಲ್ಲಿದ್ದ. ಅಲ್ಲಿನ ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುತ್ತಿತ್ತಂತೆ. ಬೇರೆ ಕೆಲಸವಿಲ್ಲದೆ ಗ್ಯಾರೇಜಿನಲ್ಲಿ ಸ್ಟೌಟ್ ಎಂಬ ಕಪ್ಪು ಬಿಯರ್ ತಯಾರಿಸುವುದನ್ನು ಕಲಿತನಂತೆ. ಬಾರ್ಲಿಯನ್ನು ಕರ್ರಗೆ ಹುರಿದು ಮಾಡುವ ಬಿಯರ್ ಅದು. "ಮನೆಯೆಲ್ಲ ಹುರಿಹಿಟ್ಟಿನ ವಾಸನೆ ಬರ್ತಿತ್ತು ಅಕ್ಕ" ಎಂದ, ನನಗೆ ಸಮಾಧಾನವಾಗಲಿ ಎಂದು. ತಮ್ಮ ಆಗೀಗ ಕುಡಿಯುತ್ತಾನೆ ಎನ್ನುವುದು ಗೊತ್ತಿತ್ತು. ಕೈಯಾರೆ ಮಾಡುತ್ತಿದ್ದ ಎನ್ನುವುದು ಹೊಸ ಸುದ್ದಿ.

"ಅಮ್ಮಂಗೆ ಗೊತ್ತಿತ್ತೇನೋ?"

"ಫೋಟೋ ಕಳಿಸಿದ್ದೆ. ಕಷಾಯ ಅಂದ್ಕೊಂಡು ಆರೋಗ್ಯ ವಿಚಾರಿಸಿದ್ರು."

ಮಾಮೂಲಿ ಬಿಯರನ್ನು ಪೀಪಾಯಿಯಿಂದ ಹೊರಗೆ ತಳ್ಳುವುದು ಸೋಡಾದಲ್ಲಿರುವ ಗ್ಯಾಸು. ಸ್ಟೌಟಿಗೆ ಅದೊಂದನ್ನೇ ಹಾಕಿದರೆ ನಾಲಿಗೆಗೆ ಚುಚ್ಚುತ್ತದೆ, ಹುಳಿಯೂ ತಟ್ಟುತ್ತದೆ. ಅದಕ್ಕೆ ಮುಕ್ಕಾಲು ಪಾಲು ನೈಟ್ರೋಜನ್ ಬೆರೆಸುತ್ತಾರಂತೆ. ನೈಟ್ರೋಜನ್ ಯಾವ ದ್ರವದಲ್ಲೂ ಸುಲಭಕ್ಕೆ ಕರಗುವ ಜಾತಿಯಲ್ಲ. ಒತ್ತಡ ಹಾಕಿ ಒಳಗೆ ನೂಕಬೇಕು. ನಲ್ಲಿಯ ಬಾಯೊಳಗೆ ಸೂಜಿ ಚುಚ್ಚಿದಂಥ ತೂತುಗಳಿರುವ ಒಂದು ಬಿಲ್ಲೆ ಇರುತ್ತದೆ. ದ್ರವ ಆ ತೂತುಗಳಲ್ಲಿ ನುಸುಳಿ ಬರುವಾಗ ನೈಟ್ರೋಜನ್ ತಪ್ಪಿಸಿಕೊಂಡು ಓಡುತ್ತದೆ, ಓಡುತ್ತ ಕೆನೆಯಂಥ ನೊರೆ ಎಬ್ಬಿಸುತ್ತದೆ.

ಒಮಾನಿನಲ್ಲಿ ಮನೆಯಲ್ಲಿ ಬಿಯರ್ ಮಾಡುವುದನ್ನು ಕಾನೂನು ಒಪ್ಪುವುದಿಲ್ಲ. ಆದರೆ ಪೀಪಾಯಿ, ನಲ್ಲಿ ಎಲ್ಲವೂ ಹಡಗಿನ ಸಾಮಾನಿನ ಜೊತೆ ಬಂದಿಳಿದಿದ್ದವು. ಬಿಸಾಡಲು ಮನಸ್ಸಾಗದೆ ರಘು ಅದಕ್ಕೆ ಚಿಕ್ಕಮಗಳೂರಿನ ಕಾಫಿ ತುಂಬಿಸತೊಡಗಿದ. ತರಿತರಿಯಾದ ಪುಡಿಯನ್ನು ತಣ್ಣೀರಿನಲ್ಲಿ ನೆನೆಹಾಕಿ, ಮರುದಿನ ಬಟ್ಟೆಯಲ್ಲಿ ಸೋಸಿ, ಪೀಪಾಯಿಗೆ ಸುರಿದು, ಬರೀ ನೈಟ್ರೋಜನ್ ಬಿಟ್ಟು, ನೆಲದ ಮೇಲೆ ಮಲಗಿಸಿ ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ ಕೂರುತ್ತಾನೆ. ತೊಟ್ಟಿಲು ತೂಗುವವರ ಮುಖದಲ್ಲಿರುವ ತಾಳ್ಮೆ ಆಗ ಅವನ ಮುಖದಲ್ಲಿರುತ್ತದೆ. ಅದಿತಿಯನ್ನು ಅವನು ಹಾಗೆ ತೂಗಿದ್ದು ನಾನು ನೋಡಿಲ್ಲ.

ಮೊದಲ ದಿನವೇ ನನಗೂ ಒಂದು ಲೋಟ ಬಂತು. ಉದ್ದನೆಯ ಗಾಜಿನ ಲೋಟದಲ್ಲಿ ಕಂದು ಮೋಡ ಅಂಚಿನಗುಂಟ ಕೆಳಕ್ಕೆ ಇಳಿಯುತ್ತಿತ್ತು. ಗುಳ್ಳೆಗಳು ಮೇಲಕ್ಕೇರುವುದನ್ನು ನೋಡಿ ಬೆಳೆದವಳಿಗೆ ಇದು ಲೆಕ್ಕ ತಪ್ಪಿದಂತೆ ಕಂಡಿತು. ನೋಡುನೋಡುತ್ತ ಕೆಳಗೆಲ್ಲ ಕಪ್ಪಾಯಿತು, ಮೇಲೆ ಎರಡು ಬೆರಳಿನಷ್ಟು ಕೆನೆ ನಿಂತಿತು. ಕುಡಿದೆ. ಹಾಲಿಲ್ಲದೆ ಹಾಲು ಹಾಕಿದಂತಿತ್ತು, ಸಕ್ಕರೆಯಿಲ್ಲದೆ ಕೊಂಚ ಸಿಹಿ. ಆದರೆ ತಣ್ಣಗಿತ್ತು. ನಮ್ಮ ಮನೆಯಲ್ಲಿ ಆರಿದ ಕಾಫಿಯನ್ನು ಕರಿಬೇವಿನ ಗಿಡಕ್ಕೆ ಸುರಿಯುವುದು ವಾಡಿಕೆ. ಅದನ್ನು ಹೇಳದೆ ಲೋಟ ಖಾಲಿ ಮಾಡಿದೆ.

ಘಾಲಾ

ಮರುದಿನ ರಘು ಗ್ಯಾಸ್ ತರಲು ಹೊರಟಾಗ ಊರು ನೋಡಿದಂತಾಗುತ್ತದೆಂದು ನಾನೂ ಕಾರು ಹತ್ತಿದೆ. ಕರೆದುಕೊಂಡು ಹೋದದ್ದು ಘಾಲಾಕ್ಕೆ. ಪ್ರವಾಸಿಗರಿಗೆ ಅಲ್ಲಿ ನೋಡುವಂಥದ್ದು ಏನೂ ಇಲ್ಲ. ಗ್ಯಾರೇಜು, ಗೋದಾಮು, ಕಬ್ಬಿಣ ಕತ್ತರಿಸುವ ಸದ್ದು, ಬಿಸಿಲಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡ ನಮ್ಮ ದೇಶದ, ಪಕ್ಕದ ದೇಶಗಳ ಗಂಡಸರು. ಆದರೂ ಮಸ್ಕತ್ತಿನಲ್ಲಿ ನನಗೆ ಊರು ಎನ್ನಿಸಿದ್ದು ಅದೊಂದೇ ಜಾಗ. ಉಳಿದೆಡೆ ಎಲ್ಲವೂ ಬಿಳಿ ಬಣ್ಣ ಬಳಿದು, ಒರೆಸಿ, ಯಾರೂ ಮುಟ್ಟಬೇಡಿ ಎಂದು ಇಟ್ಟಂತಿತ್ತು.

ಸಿಲಿಂಡರು ಅಂಗಡಿಯಲ್ಲಿ ಕೂತಿದ್ದವರು ಕುಂದಾಪುರದ ಕಡೆಯವರು. ರಘು ಫೋನಿನಲ್ಲಿ ಕನ್ನಡ ಆಡುವುದನ್ನು ಕೇಳಿ ಕುರ್ಚಿ ಎಳೆದು ಕೊಟ್ಟರು.

"ನೈಟ್ರೋಜನ್ ಎಂತಕ್ಕೆ ಸಾರ್? ಎಸಿ ಪೈಪ್ ಲೀಕ್ ನೋಡ್ಲಿಕ್ಕಾ?"

"ಅಲ್ಲ, ಕಾಫಿಗೆ. ಚಿಪ್ಸ್ ಪ್ಯಾಕೆಟ್‌ಗೆ ತುಂಬ್ತಾರಲ್ಲ, ಆ ಶುದ್ಧದ್ದು ಬೇಕು."

"ಕಾಫಿಗೆ ಹಾಲು ಹಾಕುದು ಗೊತ್ತುಂಟು. ನೈಟ್ರೋಜನ್ ಹಾಕುದು ಈಗ ಕೇಳಿದ್ದು ಮಾರಾಯ್ರೆ." ನನ್ನ ಕಡೆ ತಿರುಗಿ, "ಅಮ್ಮ, ನೀವು ಕುಡಿದ್ರಾ?" ಎಂದರು.

"ಕುಡಿದೆ. ಇನ್ನೂ ಇದ್ದೇನೆ" ಎಂದೆ.

ಅವರು ನಕ್ಕು ರಸೀದಿ ಪುಸ್ತಕ ಎಳೆದುಕೊಂಡರು. "ಸಿಲಿಂಡರ್ ಮನೆಗೆ ಅಂತ ಕೊಡ್ಲಿಕ್ಕೆ ಆಗುದಿಲ್ಲ ಸಾರ್, ಕಂಪನಿ ಹೆಸ್ರು ಬೇಕು. ನಿಮ್ಮ ಕಂಪನಿ ಯಾವ್ದು?"

ರಘು ಜೇಬಿಗೆ ಕೈ ಹಾಕಿ ಕಾರ್ಡು ತೆಗೆದ. ಅರ್ಧ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಸಾಲಿಂ ಎನ್ನುವವನ ಹೊಸ ಅಂಗಡಿಯ ಹೆಸರು ಬರೆಸಿದ. ಸಿಲಿಂಡರು ಕಾರಿನ ಡಿಕ್ಕಿಗೆ ಬಂತು.

ನಾನು ಎಷ್ಟೋ ವರ್ಷ ಮಕ್ಕಳ ಮುಖ ನೋಡಿ ಯಾರು ಮನೆಲೆಕ್ಕ ಮಾಡಿಲ್ಲ ಎಂದು ಹೇಳುತ್ತಿದ್ದವಳು. ಕಾರು ಹೊರಟ ಮೇಲೆ ಕೇಳಿದೆ.

"ಕೆಲಸ ಹೋಯ್ತಾ?"

"ಹೂಂ. ಅಕ್ಟೋಬರಲ್ಲೇ. ನಂದೊಬ್ಬಂದೇ ಅಲ್ಲ, ಇಡೀ ವಿಭಾಗನೇ ತೆಗೆದ್ರು." ಕನ್ನಡಿ ನೋಡುತ್ತ ಹೇಳಿದ. "ವೀಸಾ ಜನವರಿ ಕೊನೇವರೆಗೆ ಇದೆ. ಅಷ್ಟರೊಳಗೆ ಬೇರೆ ಕಫೀಲ್ ಸಿಗ್ಬೇಕು. ಇಲ್ದಿದ್ರೆ ಮೂರೂ ಜನ ಹೊರಡ್ಬೇಕು. ಅದಿತಿ ಬೋರ್ಡ್ ಪರೀಕ್ಷೆ ಮಾರ್ಚಲ್ಲಿ."

ಕಫೀಲ್ ಎಂದರೆ ಇಲ್ಲಿ ನಮ್ಮವರನ್ನು ತನ್ನ ಹೆಸರಿನ ಮೇಲೆ ಇರಿಸಿಕೊಳ್ಳುವ ಸ್ಥಳೀಯ. ಸಾಲಿಂ ಆಫೀಸಿನಲ್ಲಿ ರಘುವಿನ ಪಕ್ಕದ ಮೇಜಿನವನು, ನಿಜ್ವಾ ಊರಿನ ಒಮಾನಿ. ಅವನೂ ಕೆಲಸ ಬಿಟ್ಟು ಊರಿನಲ್ಲಿ ಕಾಫಿ ಅಂಗಡಿ ತೆರೆಯುವವನಿದ್ದ. ಒಮ್ಮೆ ರಘು ಕೊಟ್ಟ ಈ ನೊರೆಕಾಫಿ ಕುಡಿದು ಮರುಳಾಗಿದ್ದ. ಅಂಗಡಿಯಲ್ಲಿ ಅದೇ ನಲ್ಲಿ ಕೂರಿಸೋಣ, ನಿನ್ನ ವೀಸಾ ನನ್ನ ಹೆಸರಿಗೆ ಬರಲಿ ಎಂದಿದ್ದ. ಆದರೆ ಅಂಗಡಿಯ ಕಟ್ಟಡ ಅವನ ತಂದೆಯದು. ಅವರು ಕುಡಿದು ನೋಡಿ ಒಪ್ಪಬೇಕು. ಶುಕ್ರವಾರ ಮನೆಮಂದಿಯೆಲ್ಲ ಬನ್ನಿ ಎಂದು ಅವರೇ ಹೇಳಿಕಳಿಸಿದ್ದರು.

ಅಂದರೆ ನನ್ನ ತಮ್ಮನ ಹನ್ನೆರಡು ವರ್ಷದ ಮಸ್ಕತ್ ಸಂಸಾರ ಈಗ ಒಂದು ಲೋಟ ಕಾಫಿಯ ಮೇಲೆ ನಿಂತಿತ್ತು. ಕಾಫಿಗಾಗಿ ಏನು ಬೇಕಾದರೂ ಮಾಡುವ ವಂಶ ನಮ್ಮದು. ಇಷ್ಟರ ಮಟ್ಟಿಗೆ ಯಾರೂ ಹೋಗಿರಲಿಲ್ಲ.

ಹಮ್ರಿಯಾ

ವೀಣಾ ನನ್ನನ್ನು ಹಮ್ರಿಯಾಕ್ಕೆ ಕರೆದುಕೊಂಡು ಹೋದಳು. ಕರಿಬೇವು, ಹುಣಸೆಹಣ್ಣು, ದೇವರ ಮುಂದಿಡಲು ಹೂವು ಎಲ್ಲ ಅಲ್ಲಿ ಸಿಗುತ್ತದೆ. ನಮ್ಮ ಮೈಸೂರಿನ ಶಿವರಾಂಪೇಟೆಯನ್ನು ಯಾರೋ ಒಣಗಿಸಿ ತಂದು ಹರವಿದಂತಿದೆ. ಒಂದು ಅಂಗಡಿಯಲ್ಲಿ ನಾನು ಕನ್ನಡದಲ್ಲಿ ಬೆಲೆ ಕೇಳಿದೆ, ಅಂಗಡಿಯವನು ಮಲಯಾಳದಲ್ಲಿ ಹೇಳಿದ, ವೀಣಾ ಹಿಂದಿಯಲ್ಲಿ ಚೌಕಾಸಿ ಮಾಡಿದಳು. ವ್ಯಾಪಾರ ಮುಗಿಯಿತು.

ಅಲ್ಲಿನವರ ಒಂದು ಅಭ್ಯಾಸ ನನಗೆ ಹಿಡಿಸಲಿಲ್ಲ. ಚಹಾ ಬೇಕೆಂದರೆ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಒತ್ತುತ್ತಾರೆ. ಒಳಗಿನಿಂದ ಒಬ್ಬ ಓಡಿಬಂದು, ಕೇಳಿಕೊಂಡು ಹೋಗಿ, ತಂದುಕೊಡುತ್ತಾನೆ. ನಮ್ಮಲ್ಲಿ ಹಾಗೆ ಹಾರ್ನ್ ಮಾಡಿದರೆ ಚಹಾ ಬರುವ ಮೊದಲು ಬೈಗುಳ ಬರುತ್ತದೆ. ವೀಣಾ ಯಾವ ಸಂಕೋಚವೂ ಇಲ್ಲದೆ ಹಾರ್ನ್ ಒತ್ತಿದಳು. ಚಹಾ ಮಾತ್ರ ಬಹಳ ಚೆನ್ನಾಗಿತ್ತು.

"ಅಕ್ಕ, ನಿಮಗೆ ಗೊತ್ತಾಯ್ತಂತೆ" ಎಂದಳು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು. "ನಾನು ಅಳಲ್ಲ, ಹೆದರ್ಬೇಡಿ. ಅತ್ತಾಯ್ತು. ಊರಿಗೆ ಬರೋಕೆ ನಂಗೇನೂ ಬೇಜಾರಿಲ್ಲ. ಆದ್ರೆ ಅದಿತಿ ಎರಡು ವರ್ಷ ಓದಿದಾಳೆ, ಪರೀಕ್ಷೆಗೆ ಒಂದು ತಿಂಗಳಿದೆ ಅನ್ನೋವಾಗ ಹಾಸ್ಟೆಲಲ್ಲೋ ಇನ್ನೊಬ್ಬರ ಮನೇಲೋ ಬಿಟ್ಟು ಹೋಗೋದು ಹೇಗೆ? ರಾತ್ರಿ ಅವಳು ಓದೋದು ನೋಡಿದ್ರೆ ಸಂಕಟ ಆಗತ್ತೆ."

"ಅವಳಿಗೆ ಗೊತ್ತಾ?"

"ಗೊತ್ತು. ಕೇಳಿದ್ರೆ 'ಇಟ್ಸ್ ಫೈನ್, ಅಮ್ಮಾ' ಅಂತಾಳೆ. ಅವಳು ಫೈನ್ ಅಂದ್ರೆ ಏನೂ ಸರಿ ಇಲ್ಲ ಅಂತ."

ಇನ್ನೊಂದು ಚಹಾ ಹೇಳು ಎಂದೆ. ವೀಣಾ ಮತ್ತೆ ಹಾರ್ನ್ ಒತ್ತಿದಳು.

ನಿಜ್ವಾ ದಾರಿ

ಶುಕ್ರವಾರ ಸಿಲಿಂಡರನ್ನು ಡಿಕ್ಕಿಗೆ ಹಾಕಿಕೊಂಡು ಹೊರಟೆವು. ಪೀಪಾಯಿ ಕಂಡರೆ ದಾರಿಯಲ್ಲಿ ಜನ ಏನಾದರೂ ತಿಳಿದುಕೊಂಡಾರೆಂದು ಸಾಲಿಂ ಮುಚ್ಚಿ ತರಲು ಹೇಳಿದ್ದ. ಅದಿತಿಯ ಚಿಕ್ಕಂದಿನ ಗೊಂಬೆಚಿತ್ರದ ಹೊದಿಕೆಯನ್ನು ಪೀಪಾಯಿಗೆ ಹೊದಿಸಿ, ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕೂರಿಸಿ, ಹಿಂದಿನ ಸೀಟಿನಲ್ಲಿ ನನಗೂ ಅದಿತಿಗೂ ನಡುವೆ ಬೆಲ್ಟು ಹಾಕಿ ಕಟ್ಟಿದರು. ತಿರುವು ಬಂದಾಗಲೆಲ್ಲ ಅದು ನನ್ನ ಭುಜಕ್ಕೆ ತಲೆ ಇಡುತ್ತಿತ್ತು. ಬಕೆಟ್ಟಿನ ನೀರು ನನ್ನ ರೇಷ್ಮೆ ಸೀರೆಯ ಅರ್ಧ ಅಂಚನ್ನು ತೋಯಿಸಿತು.

ಒಮಾನಿನ ಬೆಟ್ಟಗಳಿಗೆ ಮೈಮೇಲೆ ಏನೂ ಇಲ್ಲ. ಒಂದು ಪೊದೆಯಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ. ಕಂದು, ಬೂದು, ಅಲ್ಲಲ್ಲಿ ಹಸಿರು ಛಾಯೆಯ ಕಲ್ಲು. ಚಾಮುಂಡಿ ಬೆಟ್ಟವನ್ನು ದಿನಾ ನೋಡುವ ಕಣ್ಣಿಗೆ ಮೊದಲು ಮುಜುಗರವಾಯಿತು. ಆಮೇಲೆ ಅಭ್ಯಾಸವಾಯಿತು. ನಡುವೆ ಎಲ್ಲಿಂದಲೋ ಒಂದು ಸಾಲು ಖರ್ಜೂರದ ಮರ ಏಳುತ್ತದೆ, ಅಲ್ಲಿ ನೀರಿದೆ ಎಂದು ಅರ್ಥ. ನೀರಿರುವಲ್ಲಿ ಮನೆಗಳಿವೆ, ಮನೆಗಳಿರುವಲ್ಲಿ ಮಸೀದಿ, ಅದರ ಪಕ್ಕದಲ್ಲಿ ನಮ್ಮ ಕೇರಳದವರ ದಿನಸಿ ಅಂಗಡಿ.

ರಘು ದಾರಿಯುದ್ದಕ್ಕೂ ಒತ್ತಡದ ಮಾತೇ ಆಡಿದ. ಪೀಪಾಯಿ ಬಿಸಿಯಾದರೆ ನೈಟ್ರೋಜನ್ ಕಾಫಿಯಲ್ಲಿ ನಿಲ್ಲದು, ಕುಲುಕಿದರೆ ನೊರೆ ಹೆಚ್ಚಾದೀತು. ಅದಿತಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ರಸಾಯನಶಾಸ್ತ್ರದ ಪುಸ್ತಕ ಬಿಡಿಸಿದ್ದಳು. ಅಷ್ಟು ಹೊತ್ತು ಒಂದೇ ಪುಟ ತೆರೆದಿತ್ತು.

ಮಜ್ಲಿಸ್

ಸಾಲಿಂ ನಲವತ್ತರ ಆಚೀಚಿನ ನಗುಮುಖದವನು. ಬಿಳಿ ನಿಲುವಂಗಿ, ಕಸೂತಿ ಟೋಪಿ. ಬಾಗಿಲಲ್ಲೇ ಕಾಯುತ್ತಿದ್ದ. ವೀಣಾ, ಅದಿತಿ ಇಬ್ಬರನ್ನೂ ಹೆಂಗಸರು ಒಳಗೆ ಕರೆದುಕೊಂಡು ಹೋದರು. ನಾನೂ ಹೊರಟೆ. ಸಾಲಿಂನ ತಂದೆ ನನ್ನ ನರೆಗೂದಲು ನೋಡಿ ಮಗನಿಗೆ ಏನೋ ಹೇಳಿದರು. "ಇವರು ನನ್ನ ಓರಗೆಯವರು, ಇಲ್ಲೇ ಕೂರಲಿ ಅಂತಿದಾರೆ" ಎಂದು ಸಾಲಿಂ ಇಂಗ್ಲಿಷಿನಲ್ಲಿ ತಿಳಿಸಿದ. ಹಿರಿಯರಿಗೆ ಎಪ್ಪತ್ತೈದಾದರೂ ಆಗಿತ್ತು. ನನಗೆ ಅರವತ್ತಮೂರು. ಜಗಳ ಆಡುವ ಸಂದರ್ಭವಲ್ಲವೆಂದು ಕೂತೆ.

ಮಜ್ಲಿಸ್ ಎಂದರೆ ಬಂದವರನ್ನು ಕೂರಿಸುವ ದೊಡ್ಡ ಕೋಣೆ. ಕುರ್ಚಿಗಳಿಲ್ಲ, ಗೋಡೆಯುದ್ದಕ್ಕೂ ಒರಗುದಿಂಬು. ಚಕ್ಕಂಬಕ್ಕಳ ಹಾಕಿ ಕೂರಲು ನನಗೆ ಯಾವ ತೊಂದರೆಯೂ ಇಲ್ಲ. ಇಂಜಿನಿಯರ್ ರಘುವಿಗೆ ಮಂಡಿ ಮಡಿಸಲು ಬರಲಿಲ್ಲ. ಮೊದಲು ಖರ್ಜೂರ ಬಂತು. ಆಮೇಲೆ ಸಾಲಿಂ ಕೊಕ್ಕಿನಂಥ ಮೂತಿಯ ಕೂಜಾವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲು ಕೊಟ್ಟ. ಏಲಕ್ಕಿಯ ಘಮದ ತೆಳು ಕಾಫಿ, ಬಟ್ಟಲಿನ ತಳ ಮುಚ್ಚುವಷ್ಟು. ಇಷ್ಟು ದೊಡ್ಡ ಮನೆ, ಇಷ್ಟೇ ಕಾಫಿಯೇ ಎಂದುಕೊಂಡೆ. ಕುಡಿದ ಕೂಡಲೇ ಮತ್ತಷ್ಟು ಬಂತು. ಬೇಡವೆಂದು ಕೈ ಅಡ್ಡ ಹಿಡಿದರೂ ಬಂತು. ಬಟ್ಟಲನ್ನು ಅತ್ತಿತ್ತ ಅಲುಗಾಡಿಸಿ ಕೊಟ್ಟರೆ ಮಾತ್ರ ನಿಲ್ಲಿಸುತ್ತಾರಂತೆ. ಅದು ಗೊತ್ತಾಗುವಷ್ಟರಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಹಿರಿಯರು ಎಂದೋ ಚಿಕಿತ್ಸೆಗೆಂದು ಬೊಂಬಾಯಿಯಲ್ಲಿ ತಿಂಗಳುಗಟ್ಟಲೆ ಇದ್ದವರು. ಅವರಿಗೆ ಹಿಂದಿ ಬರುತ್ತಿತ್ತು, ಹೆಚ್ಚುಕಡಿಮೆ ನನಗೆ ಬರುವಷ್ಟು. ಲಿಂಗ, ವಚನಗಳ ಗೊಡವೆಯಿಲ್ಲದೆ ಇಬ್ಬರೂ ಸರಾಗವಾಗಿ ಮಾತಾಡಿದೆವು. ಎಷ್ಟು ಮಕ್ಕಳು ಎಂದು ಕೇಳಿದರು. ಶಾಲೆಯಲ್ಲಿ ಸಾವಿರಾರು, ಮನೆಯಲ್ಲಿ ಇಲ್ಲ ಎಂದೆ. ಹಾಗಾದರೆ ಆರಾಮ ಎಂದರು.

ಆಮೇಲೆ ರಘು ಎದ್ದ. ಪೀಪಾಯಿಯ ಹೊದಿಕೆ ತೆಗೆದು, ಕೊಳವೆ ಜೋಡಿಸಿ, ಉದ್ದನೆಯ ಲೋಟವನ್ನು ಓರೆಯಾಗಿ ಹಿಡಿದು ನಲ್ಲಿ ತಿರುವಿದ. ಮುಕ್ಕಾಲು ಲೋಟ ತುಂಬಿಸಿ ನಿಲ್ಲಿಸಿದ. ಕಂದು ಮೋಡ ಇಳಿಯತೊಡಗಿತು. ಹಿರಿಯರು ಮುಂದಕ್ಕೆ ಬಾಗಿ ನೋಡಿದರು. ಮೋಡವೆಲ್ಲ ಇಳಿದು ಕಪ್ಪು ನಿಂತ ಮೇಲೆ ರಘು ಇನ್ನಷ್ಟು ಬಿಟ್ಟ. ಕೆನೆ ಅಂಚಿಗೆ ಬಂತು, ಅಂಚಿಗಿಂತ ಒಂದು ಕೂದಲೆಳೆ ಮೇಲೆ ಉಬ್ಬಿ ಚೆಲ್ಲದೆ ನಿಂತಿತು. ಸ್ಟೌಟ್ ಸುರಿಯುವವರಿಗೆ ಅದೇ ಹೆಗ್ಗಳಿಕೆಯಂತೆ. ಅಂಥ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದು ಹಿರಿಯರ ಮುಂದೆ ಹಿಡಿದ. ನನ್ನ ತಮ್ಮ ಅಷ್ಟು ಚಂದವಾಗಿ ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿರಲಿಲ್ಲ.

ಹಿರಿಯರು ಲೋಟ ನೋಡಿದರು. ರಘುವನ್ನು ನೋಡಿದರು. ಲೋಟ ತೆಗೆದುಕೊಂಡು, ಬಾಯಿಗಿಡದೆ, ಜಮಖಾನದ ಮೇಲೆ ಇಟ್ಟರು. ಮಗನಿಗೆ ಒಂದು ಮಾತು ಹೇಳಿ, ನನಗೆ ತಲೆಬಾಗಿಸಿ, ಎದ್ದು ಹೊರಗೆ ಹೋದರು. ಮಸೀದಿಯಿಂದ ಇಳಿಹೊತ್ತಿನ ನಮಾಜಿನ ಕರೆ ಕೇಳುತ್ತಿತ್ತು. ಆದರೆ ಅವರು ಎದ್ದದ್ದು ಕರೆಗಿಂತ ಮೊದಲು.

"ಏನಂದ್ರು?" ರಘು ಕೇಳಿದ.

ಸಾಲಿಂ ಗಡ್ಡ ಸವರಿಕೊಂಡ. "ನಮ್ಮನ್ನ ಎಬ್ಬಿಸ್ತಿದಾರಾ, ಅಂತ ಕೇಳಿದ್ರು. ರಘು, ನೀನು ತುಂಬಿಸಿ ಕೊಟ್ಟುಬಿಟ್ಟೆ. ನಮ್ಮಲ್ಲಿ ಕಾಫಿ ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಅಂತ ಅರ್ಥ. ನಮ್ಮಪ್ಪನ ಮನೆಯಲ್ಲಿ ಕೂತು ನಮ್ಮಪ್ಪನಿಗೇ ಹೇಳಿದ ಹಾಗಾಯ್ತು."

"ಈ ನಲ್ಲೀಲಿ ತುಂಬಿಸದೆ ಕೊಟ್ರೆ ನೊರೆನೇ ನಿಲ್ಲಲ್ಲ. ನೀನಾದ್ರೂ ಮೊದಲೇ ಹೇಳ್ಬಾರ್ದಿತ್ತಾ?"

"ಬಿಯರ್ ಥರ ಕಾಣತ್ತೆ ಅಂತ ಅಪ್ಪಂಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಈ ವಿಷಯ ಹೇಳ್ಬೇಕು ಅಂತ ತಲೆಗೇ ಬರ್ಲಿಲ್ಲ." ಸಾಲಿಂ ಗದರಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟ. "ಹನ್ನೆರಡು ವರ್ಷದಿಂದ ಇಲ್ಲಿದೀಯ. ಗೊತ್ತಿರತ್ತೆ ಅಂದುಕೊಂಡೆ."

ಕಾಲುವೆಯ ಪಕ್ಕ

ಸಾಲಿಂ ಕೂಡ ನಮಾಜಿಗೆ ಹೋದ. ನಾನೂ ರಘುವೂ ಮನೆಯ ಹಿಂದಿನ ತೋಟಕ್ಕೆ ಬಂದೆವು. ಖರ್ಜೂರದ ಮರಗಳ ಬುಡದಲ್ಲಿ ಗೇಣಗಲದ ಕಲ್ಲು ಕಾಲುವೆ. ದೂರದ ಬೆಟ್ಟದೊಳಗಿನಿಂದ ಬರುವ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ರಘು ಕಾಲುವೆಯ ಕಟ್ಟೆಯ ಮೇಲೆ ಕುಸಿದ.

"ಖಲಾಸ್ ಅಕ್ಕ. ಮುಗೀತು."

"ಒಂದು ಸಲವೂ ಯಾರ ಮನೇಲೂ ನೋಡಿಲ್ವೇನೋ, ಹೇಗೆ ಕೊಡ್ತಾರೆ ಅಂತ?"

"ಆಫೀಸಲ್ಲಿ ಪೇಪರ್ ಕಪ್ಪು. ಯಾರ ಮನೆಗೆ ಹೋಗಿದೀನಿ ನಾನು? ಇದೇ ಮೊದಲ್ನೇದು."

"ಯಾರೂ ಕರೀಲಿಲ್ವಾ?"

"ಕರೀಲಿಲ್ಲ. ನಾನೂ ಯಾರನ್ನೂ ಕರೀಲಿಲ್ಲ. ನಮ್ಮೋರೇ ಎಷ್ಟೊಂದು ಜನ ಇದಾರಲ್ಲ. ಗಣೇಶನ ಹಬ್ಬ, ರಾಜ್ಯೋತ್ಸವ, ಯಾರದೋ ಮಗು ಬರ್ತ್‌ಡೇ. ರಜಾ ದಿನ ಹೇಗೆ ಕಳೀತು ಗೊತ್ತೇ ಆಗ್ಲಿಲ್ಲ."

ನನಗೆ ಅವನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅಯ್ಯೋ ಎನ್ನಿಸಿತು. ನಮ್ಮಲ್ಲಿ ಬಂದವರಿಗೆ ಅರ್ಧ ಲೋಟ ಕಾಫಿ ಕೊಟ್ಟು ಕಳಿಸಿದರೆ ಬೀದಿಯ ತಿರುವು ದಾಟುವ ಮೊದಲೇ ಆಡಿಕೊಳ್ಳುತ್ತಾರೆ. ಅಮ್ಮ ಲೋಟ ತುಂಬಿಸಿ, ಬಟ್ಟಲಿಗೂ ಚೆಲ್ಲುವಂತೆ ಸುರಿಯುತ್ತಿದ್ದಳು. ಇವನು ಆ ಕೈಯಲ್ಲೇ ಮರ್ಯಾದೆ ಮಾಡಲು ಹೋಗಿದ್ದ. ಆದರೆ ಉಳಿಯಲು ಇಷ್ಟು ಒದ್ದಾಡುತ್ತಿರುವ ದೇಶದಲ್ಲಿ ಒಂದು ಮನೆಯ ಹೊಸ್ತಿಲನ್ನೂ ದಾಟದೆ ಹನ್ನೆರಡು ವರ್ಷ ಹೇಗೆ ಇದ್ದ ಎನ್ನುವುದು ನನ್ನ ಲೆಕ್ಕಕ್ಕೆ ಸಿಗಲಿಲ್ಲ.

"ಏಳು" ಎಂದೆ. "ತಪ್ಪಾಯ್ತು ಅಂತ ಹೇಳಿ, ಅವರ ಬಟ್ಟಲಲ್ಲೇ ಕೊಡು."

"ಆ ಬಟ್ಟಲಿಗೆ ಬಿಟ್ರೆ ಬರೀ ನೊರೆ ತುಂಬ್ಕೊಳತ್ತೆ ಅಕ್ಕ. ಕೂಜಾಕ್ಕೆ ಬಿಟ್ಟು ಸುರಿದ್ರೆ ನೊರೆ ಸತ್ತುಹೋಗತ್ತೆ. ಆಮೇಲೆ ಅದರಲ್ಲಿ ನಂದು ಅನ್ನೋದು ಏನಿರತ್ತೆ?"

"ಕಾಫಿ ಇರತ್ತಲ್ಲ."

ಮತ್ತೆ ಮಜ್ಲಿಸ್

ಹಿರಿಯರು ಬಂದು ಕೂತರು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ರಘು ಎದೆಯ ಮೇಲೆ ಕೈಯಿಟ್ಟು ತಿಳಿಯದೆ ಮಾಡಿದೆ ಎಂದ. ನಾನು ನನ್ನ ಹಿಂದಿಯಲ್ಲಿ, ನಮ್ಮಲ್ಲಿ ತುಂಬಿಸದಿದ್ದರೆ ಜಿಪುಣರು ಎನ್ನುತ್ತಾರೆ, ಇವನು ನಮ್ಮೂರಿನ ಮರ್ಯಾದೆ ಮಾಡಿದ ಎಂದೆ.

ಹಿರಿಯರ ಹುಬ್ಬು ಮೇಲೇರಿತು. "ಹಾಗೋ? ಬೊಂಬಾಯಿಯಲ್ಲಿ ನನಗೆ ಎಲ್ಲರೂ ತುಂಬಿಸಿಯೇ ಕೊಡುತ್ತಿದ್ದರು. ಇಷ್ಟು ದೊಡ್ಡ ಊರಿನಲ್ಲಿ ಎಲ್ಲರೂ ನನ್ನನ್ನು ಯಾಕೆ ಓಡಿಸುತ್ತಾರೆ ಎಂದು ಅಂದುಕೊಂಡಿದ್ದೆ."

ಸಾಲಿಂ ಮೊದಲು ನಕ್ಕ. ಆಮೇಲೆ ಅವರೂ ನಕ್ಕರು.

ರಘು ಕೂಜಾ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದ. ನೊರೆ ಉಕ್ಕಿತು. ಅದು ಇಳಿಯುವ ತನಕ ಅವನು ಕೂಜಾದ ಬಾಯೊಳಗೆ ನೋಡುತ್ತ ನಿಂತ. ಇಳಿದ ಮೇಲೆ ಉಳಿದದ್ದು ಬರೀ ಕಪ್ಪು ಕಾಫಿ. ಎಡಗೈಯಲ್ಲಿ ಕೂಜಾ, ಬಲಗೈಯಲ್ಲಿ ಬಟ್ಟಲು ಹಿಡಿದು, ತಳ ಮುಚ್ಚುವಷ್ಟು ಸುರಿದು ಕೊಟ್ಟ.

ಹಿರಿಯರು ಕುಡಿದರು. ನಾಲಿಗೆಯ ಮೇಲೆ ಒಂದು ಕ್ಷಣ ಇಟ್ಟುಕೊಂಡರು. "ಕಾಫಿ ಚೆನ್ನಾಗಿದೆ" ಎಂದರು. "ತಣ್ಣಗೆ ಯಾಕಿದೆ? ಬಿಸಿ ಮಾಡಿಸಿ."

ಕೂಜಾ ಒಳಗೆ ಹೋಯಿತು. ಹೊತ್ತಾದ ಮೇಲೆ ಅದಿತಿ ತಂದಳು, ಹಿಂದೆ ವೀಣಾ. ಒಳಗೆ ಹೆಂಗಸರು ಏಲಕ್ಕಿ ಜಜ್ಜಿ ಹಾಕಿದ್ದರು. ಹಿರಿಯರು ಒಂದು ಬಟ್ಟಲು ಕುಡಿದರು, ಇನ್ನೊಂದು, ಮತ್ತೊಂದು. ಆಮೇಲೆ ಗ್ಯಾಸ್ ಸಿಲಿಂಡರಿನ ಕಡೆ ಬೆರಳು ತೋರಿಸಿ, ಅದರಲ್ಲಿ ಏನಿದೆ ಎಂದು ಕೇಳಿದರು. ರಘು ವಿವರಿಸಿದ. ಗಾಳಿಯಲ್ಲಿ ಹೆಚ್ಚಿನ ಪಾಲು ಅದೇ ಎಂದೂ ಹೇಳಿದ.

"ಇಲ್ಲೇ ಬೇಕಾದಷ್ಟು ಇರುವುದನ್ನು ಮಸ್ಕತ್ತಿನಿಂದ ಯಾಕೆ ಹೊತ್ತು ತಂದಿರಿ?" ಎಂದರು. ನನಗೂ ಬಂದ ದಿನದಿಂದ ಅದೇ ಅನುಮಾನವಿತ್ತು.

ತೀರ್ಮಾನವನ್ನು ಅವರು ಅಲ್ಲಿಯೇ ಹೇಳಿದರು, ಸಾಲಿಂ ತಿಳಿಸಿದ. ಅಂಗಡಿ ಕೊಡುತ್ತಾರೆ. ನಿಂತು ಕುಡಿದು ಹೋಗುವ ಹುಡುಗರಿಗೆ ಎದುರಿನ ಕಟ್ಟೆಯ ಮೇಲೆ ನಲ್ಲಿ ಇರಲಿ, ಉದ್ದ ಲೋಟ ಇರಲಿ, ಎಷ್ಟು ಬೇಕಾದರೂ ತುಂಬಿಸಲಿ. ಒಳಗೆ ಬಂದು ಕೂತವರಿಗೆ ಮಾತ್ರ ಬಿಸಿ ಕಾಫಿ, ಪುಟ್ಟ ಬಟ್ಟಲು. ಎರಡನ್ನೂ ರಘುವೇ ಮಾಡಬೇಕು.

ವೀಣಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಾಲಿಂ ಮಾತು ಮುಗಿಸಿರಲಿಲ್ಲ. "ಒಂದು ವಿಷಯ, ರಘು. ಕಾಫಿ ಅಂಗಡಿಗೆ ಇಂಜಿನಿಯರ್ ವೀಸಾ ಸಿಗಲ್ಲ. ನಿನ್ನ ಕಾರ್ಡಿನಲ್ಲಿ ಉದ್ಯೋಗ ಅನ್ನೋ ಕಡೆ ಕಾಫಿ ಮಾಡುವವನು ಅಂತ ಬರತ್ತೆ. ಯೋಚನೆ ಮಾಡಿ ಹೇಳು."

ರಘು ಯೋಚನೆ ಮಾಡಲಿಲ್ಲ. "ಆಯ್ತು, ಯಲ್ಲಾ, ಶುರು ಮಾಡೋಣ" ಎಂದು ಕೊಳವೆ ಬಿಚ್ಚಲು ಕೂತ. ಅವನ ಬೆನ್ನು ನಮ್ಮ ಕಡೆಗಿತ್ತು.

ವಾಪಸು ದಾರಿ

ಉಳಿದ ಕಾಫಿಯನ್ನು ಅಲ್ಲೇ ಬಿಟ್ಟು ಬಂದದ್ದರಿಂದ ಪೀಪಾಯಿ ಹಗುರವಾಗಿತ್ತು. ಬೆಟ್ಟಗಳ ಮೇಲೆ ಸಂಜೆಯ ಬೆಳಕು ಬಿದ್ದು ಆ ಕಲ್ಲೂ ಮೃದುವಾಗಿ ಕಂಡಿತು.

"ಸೋ ಯು ವೋಂಟ್ ಬಿ ಆನ್ ಇಂಜಿನಿಯರ್?" ಅದಿತಿ ಕೇಳಿದಳು.

"ಕಾರ್ಡಲ್ಲಿ ಇರಲ್ಲ."

"ಬಟ್ ಐ ಕ್ಯಾನ್ ಫಿನಿಶ್ ಹಿಯರ್?"

"ಹೂಂ."

ನಾನು ಬಂದಾಗಿನಿಂದ ಅವಳು ಬಾಯಿಬಿಟ್ಟು ಕನ್ನಡ ಆಡಿದ್ದು ಕೇಳಿರಲಿಲ್ಲ. ಆಮೇಲೆ ಮುಂದಕ್ಕೆ ಬಾಗಿ, "ಅಪ್ಪ, ನಿಂಗೆ ಬೇಜಾರಾಯ್ತಾ?" ಎಂದಳು.

"ಇಲ್ಲ ಪುಟ್ಟಿ, ಟ್ರಾಫಿಕ್ ನೋಡ್ತಿದೀನಿ" ಎಂದ ರಘು.

ರಸ್ತೆಯಲ್ಲಿ ನಮ್ಮದೊಂದೇ ಕಾರಿತ್ತು. ವೀಣಾ ಕೈಚಾಚಿ ಗೇರಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು. ಇಂಜಿನಿಯರ್ ತಮ್ಮ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಹಾಗೆ ಹೇಳಿದಾಗಲೆಲ್ಲ ಅವನ ತಲೆಯ ಮೇಲೆ ಏನು ಹೊರಿಸುತ್ತಿದ್ದೆನೋ ಎಂದು ಆ ದಾರಿಯಲ್ಲಿ ಮೊದಲ ಸಲ ಅನ್ನಿಸಿತು.

ಮೈಸೂರು

ಜನವರಿಯಲ್ಲಿ ವಾಪಸು ಬಂದೆ. ಮಾರ್ಚಿನಲ್ಲಿ ಅದಿತಿ ಪರೀಕ್ಷೆ ಬರೆದಳು. ಅಂಗಡಿ ಕೆಲಸ ಅಲ್ಲಿಯವರೆಗೆ ಮಾತ್ರ, ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮೈಸೂರಿಗೆ ಬಂದು ನೆಲೆಸುವುದೆಂದು ನಮ್ಮಲ್ಲಿ ಮಾತಾಗಿತ್ತು. ಮಹಡಿಯ ಎರಡು ಕೋಣೆಗೆ ಬಣ್ಣ ಹೊಡೆಸಿ, ಸಿಂಟೆಕ್ಸ್ ಟ್ಯಾಂಕ್ ತೊಳೆಸಿ ಕಾಯುತ್ತಿದ್ದೆ.

ಏಪ್ರಿಲಿನ ಒಂದು ಶುಕ್ರವಾರ ಮಧ್ಯಾಹ್ನ ರಘು ಫೋನು ಮಾಡಿದ. ಹಿಂದೆ ಜನರ ಗದ್ದಲ.

"ಅಂಗಡೀಲಿದೀಯ?"

"ಇಲ್ಲ ಅಕ್ಕ, ಸಾಲಿಂ ಚಿಕ್ಕಪ್ಪನ ಮನೇಲಿ. ಊಟಕ್ಕೆ ಕರೆದಿದಾರೆ. ಹೋದ ಶುಕ್ರವಾರ ಪಕ್ಕದ ಅಂಗಡಿಯೋರ ಮನೆ. ವೀಣಾಗಂತೂ ಒಳಗಿನಿಂದ ಹೊರಗೆ ಬರೋಕೇ ಬಿಡಲ್ಲ. ಈಗ ಮಂಡಿ ಮಡಿಸೋಕೂ ಬರತ್ತೆ ಕಣೆ."

"ಯಾವಾಗ ಹೊರಡ್ತೀರ?"

ರಘು ಹೊರಗೆ ಬಂದನೇನೋ, ಗದ್ದಲ ದೂರವಾಯಿತು.

"ಅದಿತಿ ಬರ್ತಾಳೆ ಅಕ್ಕ, ಕಾಲೇಜಿಗೆ. ಅವಳನ್ನ ನಿನ್ನ ಹತ್ರಾನೇ ಇಟ್ಕೋ. ನಾವು... ಜೂನಲ್ಲಿ ಸಾಲಿಂ ತಂಗಿ ಮದುವೆ. ಕಾಫಿ ಎಲ್ಲ ನಂದೇ. ಅವರಪ್ಪ ಬೇರೆ ಯಾರ ಕೈಯಲ್ಲೂ ಕುಡಿಯಲ್ಲ ಅಂತಾರೆ. ನೀನು ಅದಕ್ಕೆ ಬಾ ಅಕ್ಕ. ಆಗ ನಮ್ಮೂರಲ್ಲಿ ಖರ್ಜೂರ ಹಣ್ಣಾಗ್ತಿರತ್ತೆ, ಮರದಿಂದ ಕಿತ್ತು ತಿನ್ನಬಹುದು."

ಮೈಸೂರಿನಲ್ಲಿ ಖರ್ಜೂರದ ಮರ ಎಲ್ಲಿದೆಯೋ ಎಂದು ಕೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ. ನಮ್ಮೂರು ಎಂದಿದ್ದು ನಿಜ್ವಾವನ್ನು, ಮತ್ತು ಹಾಗೆಂದಿದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಸಂಕಟವಾಯಿತು. ಆದರೂ ಜೂನಿನಲ್ಲಿ ಬರುತ್ತೇನೆ ಎಂದೆ.